ಅಡ್ಡಿಲ್ಲೆ ಅಂದವಳ ಕೈ

ಬ್ರಹ್ಮಾವರದ ಮನೋವೈದ್ಯರು ಪ್ರತಿ ತಿಂಗಳೂ ಒಂದೇ ಪ್ರಶ್ನೆಯಿಂದ ಶುರುಮಾಡುತ್ತಿದ್ದರು: "ಹೇಗಿದ್ದೀರಿ?"

ನನ್ನ ಚಿಕ್ಕಮ್ಮ ಪ್ರತಿ ತಿಂಗಳೂ ಒಂದೇ ಉತ್ತರ ಕೊಡುತ್ತಿದ್ದಳು: "ಅಡ್ಡಿಲ್ಲೆ."

ನಮ್ಮ ಕಡೆ ಅದು ಉತ್ತರವಲ್ಲ, ಮರ್ಯಾದೆ. ಊಟ ಹೇಗಿತ್ತು ಅಂದರೆ ಅಡ್ಡಿಲ್ಲೆ, ಮದುವೆ ಹೇಗಾಯಿತು ಅಂದರೆ ಅಡ್ಡಿಲ್ಲೆ. ಕಾಲು ಮುರಿದು ಮಲಗಿದವನೂ ನೋಡಲು ಬಂದವರಿಗೆ ಅಡ್ಡಿಲ್ಲೆ ಅನ್ನುತ್ತಾನೆ. ಅದರಲ್ಲೂ ಡಾಕ್ಟರ ಎದುರು ಕೂತು ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂದರೆ ಅವರ ಮದ್ದನ್ನೇ ಹಳಿದ ಹಾಗೆ. ಡಾಕ್ಟರು ಘಟ್ಟದ ಮೇಲಿನವರು. ಭಾಷೆ ಒಂದೇ, ಆದರೆ ಆ ಒಂದು ಮಾತಿನ ಹಿಂದೆ ನಾವು ಏನೇನು ಬಚ್ಚಿಡುತ್ತೇವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ತೊಂದರೆ ಇಲ್ಲವೆಂದು ಬರೆದುಕೊಂಡು ಅದೇ ಮಾತ್ರೆ ಮುಂದುವರಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ನಾನು ಕೂತಿರುತ್ತಿದ್ದೆ. ನನಗೆ ಗೊತ್ತಿತ್ತು.

ಚಿಕ್ಕಮ್ಮ ಅಮ್ಮನ ತಂಗಿ. ಬೈಂದೂರಿನ ಹತ್ತಿರ ಯಡ್ತರೆಗೆ ಕೊಟ್ಟದ್ದು. ಗಂಡ ಮುಂಬಯಿಯಲ್ಲಿ ಒಂದು ಕ್ಯಾಂಟೀನಿನಲ್ಲಿದ್ದರು. ಮಗಳಿಗೆ ಐದು ವರ್ಷವಾಗಿದ್ದಾಗ ಚಿಕ್ಕಮ್ಮ ಒಂದು ವಾರಕ್ಕೂ ಹೆಚ್ಚು ಕಾಲ ಕಣ್ಣು ಮುಚ್ಚಲಿಲ್ಲ. ಮನೆಯ ಪಾತ್ರೆಯೆಲ್ಲ ಅಂಗಳಕ್ಕೆ ತಂದು ತೊಳೆದಳು, ಮೀನು ಮಾರಲು ಬಂದವಳ ಕೊರಳಿಗೆ ತನ್ನ ಸರ ಹಾಕಿದಳು, ಊರಿನ ಹೆಂಗಸರಿಗೆಲ್ಲ ತಾನೇ ಶಾಲೆ ತೆಗೆಯುತ್ತೇನೆಂದು ಮನೆಮನೆಗೆ ಹೋಗಿ ಹೇಳಿದಳು. ಆಮೇಲೆ ಎರಡು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳ ಅತ್ತೆ ಮೊದಲು ಮೈಮೇಲೆ ದೈವ ಬರುವ ದರ್ಶನದ ಪಾತ್ರಿಯನ್ನು ಕೇಳಿದರು, ಮತ್ತೆ ಆಸ್ಪತ್ರೆಗೂ ಕರೆದುಕೊಂಡು ಹೋದರು. ಅವರಿಗೆ ಎರಡರ ಮೇಲೂ ಸಮಸಮ ನಂಬಿಕೆ. ಬೈಪೋಲಾರ್ ಎಂದು ಹೆಸರು ಬಂತು, ಲಿಥಿಯಂ ಮಾತ್ರೆ ಬಂತು, ಚಿಕ್ಕಮ್ಮ ಕುಂದಾಪುರದ ಕೋಡಿಯ ನಮ್ಮ ಮನೆಗೆ ಬಂದಳು. ಮಗು ಯಡ್ತರೆಯಲ್ಲೇ ಉಳಿಯಿತು.

ಮಗುವನ್ನು ಕಳಿಸಿಕೊಡಿ ಎಂದು ಕೇಳಲು ಅಮ್ಮ ಹೋದಾಗ ಚಿಕ್ಕಮ್ಮನ ಭಾವ, ಅಂದರೆ ಗಂಡನ ಅಣ್ಣ, ಜಗಲಿಯಲ್ಲಿ ಕೂತು ಹೇಳಿದ್ದು ನನಗೆ ಬಾಯಿಪಾಠ: "ಒಂದ್ ವರ್ಷ ಕಾಂಬ. ಜೂನಿಂದ ಜೂನಿಗೆ. ಎಲ್ಲರ ಹಾಂಗೆ ಕೆಲ್ಸಕ್ ಹೋಯ್ಲಿ, ಎಂತದೂ ರಗಳೆ ಆಪ್ಕಾಗ. ಮತ್ತೆ ಮಗಿನ್ ಅಲ್ಲೇ ಶಾಲೆಗ್ ಹಾಕುವ."

ನೋಡೋಣ ಅಂದದ್ದೇ ಸಾಕೆಂದು ಚಿಕ್ಕಮ್ಮ ಮರುವಾರವೇ ಕುಂದಾಪುರದ ಬಳಿ ಒಂದು ಗೇರುಬೀಜದ ಫ್ಯಾಕ್ಟರಿಗೆ ಸೇರಿದಳು.

ಆ ಕಾಲದಲ್ಲಿ ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಮನೆಯಲ್ಲಿ ನನಗೆ 'ವಕೀಲ್ತಿ' ಎಂದೇ ಹೆಸರು. ಪಾತ್ರಿಯನ್ನು ನಂಬದ ಹಾಗೆಯೇ ಮನೋವೈದ್ಯರನ್ನೂ ನಂಬುತ್ತಿರಲಿಲ್ಲ. ಇಬ್ಬರೂ ಹೆಂಗಸನ್ನು ಎದುರು ಕೂರಿಸಿಕೊಂಡು ನಿನ್ನೊಳಗೆ ಏನೋ ಹೊಕ್ಕಿದೆ ಅನ್ನುತ್ತಾರೆ, ಒಬ್ಬರು ಪ್ರಸಾದ ಕೊಡುತ್ತಾರೆ, ಇನ್ನೊಬ್ಬರು ಚೀಟಿ ಬರೆಯುತ್ತಾರೆ ಎಂಬುದು ನನ್ನ ವಾದ. ಮೊದಲ ಸಲ ಹೋದಾಗಲೇ ಡಾಕ್ಟರಿಗೆ ಆ ಒಂದು ವರ್ಷದ ಗಡುವನ್ನೂ ತಿಳಿಸಿ ಹೇಳಿದೆ: "ಸರ್, ಮನೆಯವರು ನಡೆಸಿಕೊಂಡ ರೀತಿಗೆ ಇವರಿಗೆ ಯಾಕೆ ಮಾತ್ರೆ?"

ಅವರು ಸಿಟ್ಟಾಗಲಿಲ್ಲ. ಚಿಕ್ಕಮ್ಮನನ್ನು ಕೇಳಿದರು: "ಯಡ್ತರೆಯಲ್ಲಿ ನೀವು ಯಾರ ಜೊತೆ ಕೂತು ಊಟ ಮಾಡ್ತಿದ್ರಿ?"

ಚಿಕ್ಕಮ್ಮ ಸೀರೆಯ ಸೆರಗಿನ ತುದಿ ಸುತ್ತುತ್ತಾ ಕೂತಳು. "ಕಾಯ್ಲೆ ಬಂದ್ ಮೇಲೆ... ಹೊರಗ್."

"ಕಾಯಿಲೆ ಮೆದುಳಿನದ್ದು," ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು. "ಕಾಯಿಲೆ ಬಂದವರು ಎಲ್ಲಿ ಕೂತು ಉಣ್ಣಬೇಕು ಅನ್ನೋದನ್ನ ತೀರ್ಮಾನ ಮಾಡೋದು ಊರು. ಎರಡೂ ನನ್ನ ಕೆಲಸವೇ. ಸಕ್ಕರೆ ಕಾಯಿಲೆಯವರಿಗೆ ಮಗು ಕೊಡೋಕೆ ಯಾರಾದ್ರೂ ಒಂದು ವರ್ಷ ಪರೀಕ್ಷೆ ಇಡ್ತಾರಾ? ಯಡ್ತರೆಯವರನ್ನ ಒಮ್ಮೆ ಇಲ್ಲಿಗೆ ಕರ್ಕೊಂಡು ಬನ್ನಿ."

ನಾವು ಕರೆದುಕೊಂಡು ಹೋಗಲಿಲ್ಲ. ಕುಂದಾಪುರ ಬಿಟ್ಟು ಬ್ರಹ್ಮಾವರಕ್ಕೆ ಹೋಗುತ್ತಿದ್ದದ್ದೇ ಗುರುತಿನವರ ಕಣ್ಣಿಗೆ ಬೀಳಬಾರದೆಂದು, ಇನ್ನು ಬೀಗರನ್ನು ಅಲ್ಲಿಗೆ ಕರೆಯುವುದೆಂತು! ಆದರೆ ಆ ಸಕ್ಕರೆ ಕಾಯಿಲೆಯ ಮಾತು ಬಹಳ ಚೆನ್ನಾಗಿತ್ತು. ಅದನ್ನು ನಾನು ಚರ್ಚಾಸ್ಪರ್ಧೆಯಲ್ಲಿ ಬಳಸಿದೆ. ಮನೋರೋಗವೆಂಬುದು ಸಮಾಜ ತನಗೆ ಬೇಡವಾದವರಿಗೆ ಅಂಟಿಸುವ ಹೆಸರು ಎಂಬುದು ವಿಷಯ, ನಾನು ಪರ. ಡಾಕ್ಟರ ವಾಕ್ಯದ ಅರ್ಧ ಇಟ್ಟುಕೊಂಡೆ, ಮೆದುಳಿನ ಅರ್ಧ ಬಿಟ್ಟೆ. ಗಂಟೆ ಹೊಡೆಯುವ ಮೊದಲೇ ಸಭಾಂಗಣ ಚಪ್ಪಾಳೆ ತಟ್ಟಿತು. ಬಹುಮಾನದ ಕಪ್ಪನ್ನು ಮನೆಗೆ ತಂದಾಗ ಚಿಕ್ಕಮ್ಮ ಅದನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ದೇವರ ಮೂಲೆಯಲ್ಲಿಟ್ಟಳು.

ದೀಪಾವಳಿಯ ಹೊತ್ತಿಗೆ ರಕ್ತಪರೀಕ್ಷೆ ನೋಡಿ ಡಾಕ್ಟರು ಮಾತ್ರೆಯ ಪ್ರಮಾಣ ಸ್ವಲ್ಪ ಏರಿಸಿದರು. ಆಮೇಲೆ ಚಿಕ್ಕಮ್ಮನ ಕೈ ನಡುಗತೊಡಗಿತು.

ಬೇರೆ ಕೆಲಸವಾಗಿದ್ದರೆ ನಡೆಯುತ್ತಿತ್ತೇನೋ. ಬೀಜದ ಸಿಪ್ಪೆ ಬಿಡಿಸುವ ಕೆಲಸವೆಂದರೆ ಬೆರಳ ತುದಿಯದ್ದು. ಒಣಗಿದ ಬೀಜವನ್ನು ಎಡಗೈಯಲ್ಲಿ ಹಿಡಿದು, ಚಿಕ್ಕ ಚೂರಿಯಿಂದ ಕೆಂಪು ಸಿಪ್ಪೆ ಎಬ್ಬಿಸಬೇಕು. ಬೀಜ ಇಡಿಯಾಗಿ ಬರಬೇಕು. ಚೂರಿ ಒಂದು ಕೂದಲಿನಷ್ಟು ಆಚೆ ಹೋದರೂ ಎರಡು ಹೋಳು. ಚಿಕ್ಕಮ್ಮನ ತಟ್ಟೆಯಲ್ಲಿ ಹೋಳುಗಳೇ ಹೆಚ್ಚಾದವು. ಪಕ್ಕದಲ್ಲಿ ಕೂರುವವಳು ನಗೆಯಾಡುತ್ತಿದ್ದಳಂತೆ: "ಎಂತ ಮಾರಾಯ್ತಿ, ನೀ ಬೀಜಕ್ಕೆ ಹೆದ್ರುದಾ, ಬೀಜ ನಿಂಗೆ ಹೆದ್ರುದಾ?" ಚಿಕ್ಕಮ್ಮನೇ ಅದನ್ನು ಮನೆಗೆ ಬಂದು ಹೇಳಿ ನಗುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ನಗಲಿಲ್ಲ. ಹೀಗೇ ಆದರೆ ಮುಂದಿನ ತಿಂಗಳಿಂದ ಬರುವುದು ಬೇಡ ಎಂದು ಸೂಪರ್‌ವೈಸರ್ ಅಂದಿದ್ದ. ಜೂನಿಗೆ ಇನ್ನು ಮೂರು ತಿಂಗಳು ಚಿಲ್ಲರೆ ಇತ್ತು.

ಹಿಂಬಾಗಿಲ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತಳು.

"ಹೆಣ್ಣೆ, ನೀ ಓದ್ದವ್ಳ್. ಈ ಕೈ ನಡುಗುದ್ ಮಾತ್ರಿಯಿಂದ್ಲಾ?"

"ಮತ್ತೆಂತದ್ರಿಂದ? ಮಾತ್ರಿಯಿಂದ್ಲೇ."

"ಡಾಕ್ಟ್ರಿಗ್ ಹೇಳುದಾ ಹಂಗಾರೆ?"

ಹೂಂ ಅನ್ನಬಹುದಿತ್ತು. ಹೂಂ ಅನ್ನಲು ಒಂದು ಉಸಿರು ಸಾಕಿತ್ತು.

"ಹೇಳಿರೆ ಅವ್ರ್ ಎಂತ ಮಾಡ್ತ್ರ್? ಇದ್ರ ಮೇಲ್ ಇನ್ನೊಂದ್ ಮಾತ್ರಿ ಕೊಡ್ತ್ರ್," ಅಂದೆ. "ಚಿಕ್ಕಮ್ಮ, ನೀನೇ ಹೇಳ್. ಇಷ್ಟ್ ತಿಂಗ್ಳಲ್ ನಿಂಗೆ ಎಂತಾರೂ ಆಯ್ತಾ?"

"ಇಲ್ಲೆ."

"ಮತ್ತೆ ಈ ಮಾತ್ರಿ ಯಾರಿಗೆ? ಯಡ್ತರೆಯವ್ರಿಗ್ ಸಮಾಧಾನ ಆಪುಕೆ. ನಿನ್ನ ಕೆಲ್ಸ ಹೋರೆ ಮಗಿನ್ ಕೊಡ್ತ್ರಾ ಅವ್ರ್?"

ಅವಳು ತನ್ನ ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ನೋಡಿಕೊಂಡಳು. "ಹಂಗಾರೆ ಬಿಡ್ಲಾ?"

"ಬಿಡ್ ಅಂತ ನಾ ಹೇಳ್ಲಿಲ್ಲೆ. ವಿಚಾರ ಮಾಡ್ ಅಂದೆ."

ಇದು ನಮಗೆ ಕಲಿಸಿದ ವಿದ್ಯೆ. ತೀರ್ಮಾನವನ್ನು ನೀನಾಗಿ ಹೇಳಬೇಡ, ಕೇಳುವವರು ತಾವೇ ಅಲ್ಲಿಗೆ ಬರಲಿ, ಆಗ ಅದನ್ನು ಯಾರೂ ಅಲುಗಿಸಲಾರರು. ಚಿಕ್ಕಮ್ಮ ಅಲ್ಲಿಗೆ ಬಂದಳು. ಅಮ್ಮನ ಎದುರೇ ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ಕೈ ತೊಳೆಯುವ ನೆಪದಲ್ಲಿ ತೆಂಗಿನ ಬುಡಕ್ಕೆ ಎಸೆಯುತ್ತಿದ್ದಳು. ನಾನು ನೋಡಿಯೂ ನೋಡದವಳಂತಿದ್ದೆ.

ಕೈಯ ನಡುಕ ನಿಂತಿತು. ತಟ್ಟೆಯಲ್ಲಿ ಇಡೀ ಬೀಜಗಳು ಬಂದವು. ಸೂಪರ್‌ವೈಸರ್ ಸುಮ್ಮನಾದ. ಚಿಕ್ಕಮ್ಮ ಕೆಲಸದಿಂದ ಬಂದವಳು ಅಂಗಳ ಗುಡಿಸಿ, ಮೀನು ಉಜ್ಜಿ, ಪಕ್ಕದ ಮನೆಯವರ ಮೀನನ್ನೂ ಉಜ್ಜಿ ಕೊಟ್ಟು, ಹಾಡು ಹೇಳಿಕೊಂಡು ಓಡಾಡುತ್ತಿದ್ದಳು. "ಕಂಡ್ಯಾ, ಮೊದ್ಲಿನ ಹಾಂಗೆ ಆಯ್ದ್ಲ್," ಎಂದು ಅಮ್ಮ ಕಣ್ಣೊರೆಸಿಕೊಂಡಳು. ಮಾತು ದಿನದಿಂದ ದಿನಕ್ಕೆ ವೇಗವಾಯಿತು. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದು. ನಾನು ಅದನ್ನು ಸಂತೋಷವೆಂದು ಓದಿದೆ. ಅದಕ್ಕಿಂತ ಕೆಟ್ಟದ್ದೆಂದರೆ, ನನ್ನ ವಾದಕ್ಕೆ ಸಿಕ್ಕ ಸಾಕ್ಷಿಯೆಂದು ಓದಿದೆ.

ಮಾರ್ಚಿನ ಕೊನೆಯಲ್ಲಿ ಯಡ್ತರೆಯಿಂದ ಭಾವನ ಫೋನ್ ಬಂತು. ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು, ನಾನೇ ಬೈಂದೂರಿನ ಬಸ್ಸು ಹತ್ತಿದೆ.

ಚಿಕ್ಕಮ್ಮ ಬೆಳಿಗ್ಗೆ ಫ್ಯಾಕ್ಟರಿಗೆಂದು ಹೊರಟವಳು ಮಗಳ ಶಾಲೆಗೆ ಹೋಗಿದ್ದಳು. ನಾನು ಹೋಗುವಾಗ ಶಾಲೆಯ ಅಂಗಳದ ನಡುವೆ ನಿಂತಿದ್ದಳು, ಮುಡಿ ತುಂಬ ಮಲ್ಲಿಗೆ, ಕೈಯಲ್ಲಿ ಲಾಡಿನ ಪೊಟ್ಟಣ. ಎಲ್ಲ ಮಕ್ಕಳನ್ನೂ ಕೋಡಿಗೆ ಕರೆದುಕೊಂಡು ಹೋಗುತ್ತೇನೆ, ಸಮುದ್ರ ತೋರಿಸುತ್ತೇನೆ, ಇವತ್ತಿನಿಂದ ಪರೀಕ್ಷೆಯೇ ಇಲ್ಲ ಎಂದು ಕೂಗಿ ಹೇಳುತ್ತಿದ್ದಳು. ಮಕ್ಕಳು ಮೊದಲು ನಕ್ಕು, ಆಮೇಲೆ ಹೆದರಿ ಜಗಲಿಗೆ ಸರಿದಿದ್ದರು. ಅವಳ ಮಗಳು ಟೀಚರ ಸೆರಗು ಹಿಡಿದು ಹಿಂದೆ ನಿಂತಿದ್ದಳು. ಪಕ್ಕದ ಹುಡುಗಿ ಕೇಳಿದಳು: "ಅದ್ ನಿನ್ನ ಅಮ್ಮ ಅಲ್ದಾ?"

"ಅಲ್ಲ," ಅಂದಿತು ಮಗು. "ನಮ್ಮನಿ ಕೆಲ್ಸಕ್ಕೆ ಬಪ್ಪರ್."

ಚಿಕ್ಕಮ್ಮನಿಗೆ ಅದು ಕೇಳಿಸಿತು. ಗಹಗಹಿಸಿ ನಕ್ಕಳು. ನನ್ನ ತೋಳು ಹಿಡಿದು, ಕಣ್ಣರಳಿಸಿ ಹೇಳಿದಳು: "ಕೇಂಡ್ಯಾ ಹೆಣ್ಣೆ? ಎಷ್ಟ್ ಲಾಯ್ಕ್ ಮಾತಾಡತ್ತ್ ನನ್ನ ಮಗು! ಥೇಟ್ ನಿನ್ನ ಹಾಂಗೆ!"

ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಆ ಅಬ್ಬರ ಇಳಿದ ಮೇಲೆ ಎಲ್ಲ ನೆನಪಿತ್ತು, ಅದೇ ಆ ಕಾಯಿಲೆಯ ಕ್ರೌರ್ಯ. ಹೊರಗೆ ಬಂದ ಮೇಲೆ ಮೊದಲ ಸಲ ಬ್ರಹ್ಮಾವರಕ್ಕೆ ಹೋದಾಗ ಡಾಕ್ಟರು ಕೇಳಿದರು: "ಮಾತ್ರೆ ಬಿಡಿ ಅಂತ ಯಾರಾದರೂ ಹೇಳಿದ್ರಾ?"

"ಯಾರೂ ಹೇಳ್ಲಿಲ್ಲೆ," ಅಂದಳು ಚಿಕ್ಕಮ್ಮ. ನನ್ನ ಕಡೆ ನೋಡಲೂ ಇಲ್ಲ. "ನಂಗೇ ಕಂಡ್ತ್, ಬಿಡುವ ಅಂದೇಳಿ."

ಎದುರಾಳಿಯ ಒಂದು ಮಾತನ್ನೂ ಉತ್ತರವಿಲ್ಲದೆ ಬಿಡಬಾರದೆಂದು ಕಲಿತವಳು ನಾನು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತೆ. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಗೆ ತಲೆಯಿಟ್ಟು ಸುಮ್ಮನೆ ಅಂದಳು: "ನಿನ್ನ ಓದ್ ಹಾಳಾಪ್ಕಾಗ." ನನ್ನ ಓದು ಹಾಳಾಗಬಾರದಂತೆ.

ಎರಡು ವಾರ ಬಿಟ್ಟು ಒಬ್ಬಳೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ವಾದಿಸಬಹುದಿತ್ತು.

"ಕೈ ನಡುಗ್ತದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ," ಅಂದರು. "ಪ್ರಮಾಣ ಇಳಿಸಬಹುದಿತ್ತು. ನಡುಕಕ್ಕೂ ಮಾತ್ರೆ ಇದೆ." ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ನಾನೂ ಬರೀ ಹೇಗಿದ್ದೀರಿ ಅಂತ ಕೇಳ್ತಾ ಕೂತೆ. ಕೈ ಚಾಚಿ ತೋರಿಸಿ ಅನ್ನಬೇಕಿತ್ತು."

ಈಗ ಅವರು ಹಾಗೇ ಅನ್ನುತ್ತಾರೆ. ಪ್ರಮಾಣ ಇಳಿಸಿದರು, ನಡುಕ ಬಹಳ ಕಡಿಮೆಯಾಯಿತು. ಫ್ಯಾಕ್ಟರಿಯವರು ಮಾತ್ರ ಚಿಕ್ಕಮ್ಮನ ಕೈಗೆ ಮತ್ತೆ ಚೂರಿ ಕೊಡಲಿಲ್ಲ. ಸಿಪ್ಪೆ ಗುಡಿಸುವುದಕ್ಕೆ ಹಾಕಿದರು.

ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತೇ ಎಂದು ಗೆಳತಿಯರು ಕೇಳುತ್ತಾರೆ. ಇಲ್ಲ. ಜೂನಿಂದ ಜೂನಿಗೆ ಎಂದು ಗಡುವು ಹಾಕಿದ್ದು ಕಾಯಿಲೆಯಲ್ಲ, ಊಟದ ಬಟ್ಟಲನ್ನು ಹೊರಗಿಟ್ಟದ್ದೂ ಕಾಯಿಲೆಯಲ್ಲ. ಅದನ್ನು ಈಗಲೂ ಯಾವ ವೇದಿಕೆಯಲ್ಲಾದರೂ ಹೇಳುತ್ತೇನೆ. ಆದರೆ ಅದೇ ಮಾತನ್ನು ಡಾಕ್ಟರೂ ಹೇಳಿದ್ದರು, ಮಾತ್ರೆಯನ್ನು ಅವಳ ಕೈಯಲ್ಲೇ ಉಳಿಸಿ ಹೇಳಿದ್ದರು. ನಾನು ಗೆದ್ದ ಕಪ್ಪು ಇನ್ನೂ ದೇವರ ಮೂಲೆಯಲ್ಲಿದೆ. ತೆಗೆದಿಡು ಅಂದರೆ ಚಿಕ್ಕಮ್ಮ ಕೇಳುವುದಿಲ್ಲ.

ಜೂನ್ ಬಂತು. ಶಾಲೆ ಶುರುವಾಗುವ ಮೊದಲು ನಾನು ಯಡ್ತರೆಗೆ ಹೋದೆ. ಭಾವ ಮನೆಯಲ್ಲಿರಲಿಲ್ಲ, ಚಿಕ್ಕಮ್ಮನ ಅತ್ತೆ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಕಾಯಿಲೆ ಏನು, ಮಾತ್ರೆ ಏನು, ತಪ್ಪು ಯಾರದ್ದು, ಮಾತ್ರೆ ಬಿಡುವ ಹಾಗೆ ಮಾಡಿದವಳು ನಾನೇ, ಶಿಕ್ಷೆ ಅವಳಿಗೆ ಯಾಕೆ ಎಂದೆಲ್ಲ ಹೇಳಿದೆ. ಅವರು ಸಿಪ್ಪೆ ತೆಗೆಯುತ್ತಲೇ ಕೇಳಿದರು.

"ಹೆಣ್ಣೆ," ಅಂದರು ಕೊನೆಗೆ, "ನೀ ಹೇಳುದೆಲ್ಲ ಸಮ. ನಂಗೆ ಅವ್ಳ್ ಮೇಲ್ ಸಿಟ್ಟಿಲ್ಲೆ. ಆರೆ ಮಗು ಹೆದ್ರತ್ತ್. ಅಮ್ಮ ಅಂದ್ರೆ ಮಂಚದಡಿಗ್ ಹೋತ್ತ್. ಅದ್ಕೆಂತ ಹೇಳ್ತೆ ನೀ?"

ನಾನು ಕೂತಲ್ಲಿಂದ ಎದ್ದೆ.

"ಇನ್ನ್ ಮಗಿನ್ ಕೇಂಬುಕೆ ಬಪ್ಪುದ್ ಬೇಡ," ಅಂದರು. ಮೆತ್ತಗೆ ಅಂದರು. ಒಂದು ಲೋಟ ಬೆಲ್ಲದ ನೀರು ಕೊಟ್ಟರು. ಒಳಗಿನ ಬಾಗಿಲ ಸಂದಿನಲ್ಲಿ ಎರಡು ಜಡೆಯ ತಲೆಯೊಂದು ಕಾಣಿಸಿ ಮರೆಯಾಯಿತು.

ಕೋಡಿಗೆ ಬರುವಾಗ ಸಂಜೆಯಾಗಿತ್ತು. ಚಿಕ್ಕಮ್ಮ ಗೇಟಿನ ಹತ್ತಿರವೇ ನಿಂತಿದ್ದಳು, ಕೂದಲಲ್ಲಿ ಬೀಜದ ಸಿಪ್ಪೆಯ ಕೆಂಪು ಹೊಟ್ಟು.

"ಎಂತ ಹೇಳ್ದ್ರ್?"

ಎಂದೂ ಸುಳ್ಳು ಹೇಳಿ ಗೆಲ್ಲಬಾರದೆಂದುಕೊಂಡಿದ್ದವಳು ನಾನು.

"ಕಾಂಬ ಅಂದ್ರ್," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಡಾಕ್ಟರ ಎದುರು ಮಾಡುವ ಹಾಗೆ ಎರಡೂ ಕೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ ಹಿಡಿದಳು. ಹಿಡಿದೇ ಇದ್ದಳು. ಒಂದು ಬೆರಳೂ ಅಲುಗಲಿಲ್ಲ.

"ಕಾಣ್," ಅಂದಳು, "ಈಗ ಎಷ್ಟ್ ಸಮ ಆಯ್ತ್."