ಚೀಲ ಕಳೆದ ಮೇಲೆ ತೂಕ ಏರಿದ ಕಾಳುಮೆಣಸು

ಹೊಸನಗರದ ಕಾಳುಮೆಣಸು ಬೆಳೆಗಾರರ ಸಂಘದ ಕಚೇರಿಯಲ್ಲಿ ಅಂದು ಮೂವರು ಕೂತಿದ್ದೆವು: ಅಧ್ಯಕ್ಷ ಮಂಜಪ್ಪ ಗೌಡರು, ತೂಕದ ಸಾಫ್ಟ್‌ವೇರ್ ಬರೆದುಕೊಟ್ಟ ಶಿವಮೊಗ್ಗದ ಕಿರಣ್, ಮತ್ತು ನಾನು. ತೂಕದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸವಿತಾ ನಿಂತಿದ್ದಳು. ಕೂರು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಬಾಗಿಲ ಹೊರಗೆ ಸದಸ್ಯರು ಗುಂಪುಗಟ್ಟಿದ್ದರು.

ಸಾಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದ ನನಗೆ ಆಗ ನಿವೃತ್ತಿ ಹತ್ತಿರವಾಗಿತ್ತು. ಸವಿತಾ ನನ್ನ ಹಳೆಯ ವಿದ್ಯಾರ್ಥಿನಿ. "ಸರ್, ನನ್ನನ್ನ ಕಳ್ಳಿ ಅಂತಿದಾರೆ, ಒಂದ್ಸಲ ಬಂದು ನೋಡಿ" ಎಂದು ಫೋನಿನಲ್ಲಿ ಅತ್ತಿದ್ದಳು.

ಆದದ್ದು ಇಷ್ಟು. ಅದುವರೆಗೆ ಒಟ್ಟು ತೂಕದಲ್ಲಿ ಚೀಲದ ತೂಕ ಮಾತ್ರ ಕಳೆಯುತ್ತಿದ್ದರು. ಸರಿಯಾಗಿ ಒಣಗದ ಮೆಣಸು ಹೆಚ್ಚು ಬರತೊಡಗಿದಾಗ ತೇವಾಂಶದ ಕಡಿತವನ್ನೂ ಕಳೆಯಬೇಕೆಂದು ಸಂಘ ತೀರ್ಮಾನಿಸಿತು. ಸವಿತಾ ಹೊಸ ಸೂತ್ರ ಹಾಕಿದಳು: ಒಟ್ಟು ತೂಕ − ಚೀಲ − ತೇವಾಂಶ. ಮೊದಲ ದಿನವೇ ಒಣ ಮೆಣಸಿಗೆ ಸರಿ ತೂಕ ಬಂತು, ಒದ್ದೆ ಮೆಣಸಿಗೆ ಇದ್ದದ್ದಕ್ಕಿಂತ ಹೆಚ್ಚು. ಒದ್ದೆ ತಂದವರಲ್ಲಿ ಸವಿತಾಳ ಸೋದರಮಾವನೂ ಒಬ್ಬ. ಅಷ್ಟಕ್ಕೇ ಗೌಡರು ಸದಸ್ಯರೆಲ್ಲರ ಎದುರು ಅವಳನ್ನು ಕಳ್ಳಿ ಅಂದಿದ್ದರು.

"ನಾನು ಬಿಸಿಲಿಗೆ ಬೆನ್ನು ಕೊಟ್ಟು ಒಣಗಿಸಿ ತಂದೆ ಮೇಷ್ಟ್ರೇ. ಇವಳ ಮಾವ ನೀರು ಸೋರೋದು ತಂದು ನನಗಿಂತ ಹೆಚ್ಚು ತೂಗಿಸ್ಕೊಂಡ. ಇದಕ್ಕೆ ಎಂತ ಹೇಳ್ತೀರಿ?" ಎಂದರು ಗೌಡರು.

"ಗೌಡ್ರೇ, ಪರದೆ ಮೇಲೆ ಸೂತ್ರ ಹಾಗೇ ಇದೆ, ನೀವೇ ಓದಿ" ಎಂದಳು ಸವಿತಾ.

"ನೀನು ಬಾಯಿ ಮುಚ್ಚು ಮಾರಾಯ್ತಿ."

ಕಿರಣ್ ಕುರ್ಚಿಗೆ ಒರಗಿದ. "ಸೂತ್ರ ಹಾಕಿದ್ದು ಅವರು. ಪ್ರೋಗ್ರಾಂನಲ್ಲಿ ತಪ್ಪಿಲ್ಲ. ಕೈಯಾಡಿಸಿದವರನ್ನ ಕೇಳಿ."

ನಾನು ಅವನಿಗೆ, "ಹತ್ತರಲ್ಲಿ ನಾಲ್ಕು ಕಳಿ, ಮತ್ತೆ ಮೂರು ಕಳಿ. ಎಷ್ಟು?" ಎಂದೆ.

"ಮೂರು. ಎಂತ ಸರ್, ಒಂದನೇ ಕ್ಲಾಸಾ?"

"ಅದನ್ನೇ ನಿನ್ನ ಪ್ರೋಗ್ರಾಂಗೆ ಒಂದೇ ಸಾಲಲ್ಲಿ ಕೊಡು."

ಕೊಟ್ಟ. ಒಂಬತ್ತು ಬಂತು. ಬಾಗಿಲಲ್ಲಿದ್ದವರು ಯಾರೋ ಕಿಸಕ್ಕೆಂದರು.

ನಾವು ಸಾಲಾಗಿ ಬರೆದ ಸೂತ್ರವನ್ನು ಇಂಥ ಪ್ರೋಗ್ರಾಂ ಮರವಾಗಿ ಕಟ್ಟಿಕೊಳ್ಳುತ್ತದೆ. ಕಳೆಯುವ ಚಿಹ್ನೆ ಕವಲು, ಸಂಖ್ಯೆಗಳು ಎಲೆಗಳು. ಎಲೆಯ ಕಡೆಯಿಂದ ಲೆಕ್ಕ ಮಾಡುತ್ತ ಬುಡಕ್ಕೆ ಬರುತ್ತದೆ. ಕಿರಣ್ ಬರೆದ ಕೋಡ್ ಮೊದಲ ಚಿಹ್ನೆ ಸಿಕ್ಕಲ್ಲೇ ಸೂತ್ರವನ್ನು ಸೀಳಿ, ಬಲಕ್ಕೆ ಉಳಿದದ್ದನ್ನೆಲ್ಲ ಒಂದೇ ಕೊಂಬೆಗೆ ಹಾಕುತ್ತಿತ್ತು. ಹಾಗಾಗಿ ಮೊದಲು ಚೀಲದ ತೂಕದಲ್ಲಿ ತೇವಾಂಶ ಕಳೆದು, ಬಂದದ್ದನ್ನು ಒಟ್ಟು ತೂಕದಲ್ಲಿ ಕಳೆಯುತ್ತಿತ್ತು. ಅರವತ್ತು ಕಿಲೋ ಮೂಟೆ, ಚೀಲ ಒಂದು ಕಿಲೋ, ತೇವಾಂಶಕ್ಕೆ ಮೂರು ಎಂದಿಟ್ಟುಕೊಳ್ಳಿ. ಬರಬೇಕಾದದ್ದು ಐವತ್ತಾರು. ಬರುತ್ತಿದ್ದದ್ದು ಅರವತ್ತೆರಡು! ಚೀಲದ ಸಮೇತ ಇದ್ದದ್ದಕ್ಕಿಂತ ಚೀಲ ಕಳೆದ ಮೇಲೆ ಹೆಚ್ಚು. ಕೊನೆಯ ಚಿಹ್ನೆಯಲ್ಲಿ ಸೀಳಿದ್ದರೆ ಮೊದಲು ಚೀಲ, ಆಮೇಲೆ ತೇವಾಂಶ ಕಳೆದು ಮರ ಸರಿಯಾಗುತ್ತಿತ್ತು. ಒಂದೇ ಕಳೆಯುವಿಕೆ ಇದ್ದಷ್ಟು ದಿನ ಎರಡು ರೀತಿಗೂ ಉತ್ತರ ಒಂದೇ. ಅದಕ್ಕೇ ಯಾರಿಗೂ ತಿಳಿದಿರಲಿಲ್ಲ.

ಕಪ್ಪುಹಲಗೆಯ ಮೇಲೆ ಎರಡೂ ಮರ ಬರೆದು ತೋರಿಸಿದೆ. ಕಿರಣ್ ಲ್ಯಾಪ್‌ಟಾಪ್ ತೆಗೆದು, ಕಾಫಿ ತಣಿಯುವುದರೊಳಗೆ ತಿದ್ದಿದ.

"ಸರಿ, ಕಂಪ್ಯೂಟರ್ ತಪ್ಪು ಅಂತ ಆತಲ್ಲ, ಇನ್ನೆಂತ? ಹೋಗು, ಕೆಲಸ ನೋಡು" ಎಂದರು ಗೌಡರು.

ಸವಿತಾ ಕದಲಲಿಲ್ಲ. "ಕಳ್ಳಿ ಅಂದಿದ್ದು ಕಂಪ್ಯೂಟರ್ ಅಲ್ಲ ಗೌಡ್ರೇ, ನೀವು. ಇವರೆಲ್ಲರ ಎದುರು ಅಂದಿದ್ದು. ಅಲ್ಲ ಅಂತಲೂ ಇವರೆದುರೇ ಹೇಳಿ."

"ನಿನ್ನ ಹತ್ರ ನಾನು ಕ್ಷಮೆ ಕೇಳ್ಬೇಕಾ? ಬೇಕಾದ್ರೆ ಇರು, ಬ್ಯಾಡದಿದ್ರೆ ಬಾಗಿಲು ಅಲ್ಲೇ ಇದೆ."

"ಗೌಡರೇ, ಒಂದು ಮಾತಿನಲ್ಲಿ ಮುಗಿಯುತ್ತದೆ" ಎಂದೆ. "ನಿಮ್ಮ ಕೆಲಸ ಮುಗೀತು ಮೇಷ್ಟ್ರೇ, ಬಸ್ಸಿಗೆ ಹೊತ್ತಾತು" ಎಂದು ಮುಖ ತಿರುಗಿಸಿದರು. ಹೊರಗಿದ್ದವರು ಒಬ್ಬೊಬ್ಬರಾಗಿ ಚದುರಿದರು.

ಕೋಡಿನಲ್ಲಿ ತಪ್ಪಿದ ಕೊಂಬೆಯನ್ನು ಯಾರು ಬೇಕಾದರೂ ಸರಿಪಡಿಸಬಹುದು. ಒಬ್ಬರ ಮೇಲೆ ಹೊರಿಸಿದ ಮಾತನ್ನು ಆಡಿದವರೇ ಇಳಿಸಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಅದು.

ತಿಂಗಳು ತುಂಬುವ ಮೊದಲೇ ಸವಿತಾ ಕೆಲಸ ಬಿಟ್ಟು ತೀರ್ಥಹಳ್ಳಿಯ ಮೆಣಸಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ತೂಕ ನೋಡಿಕೊಳ್ಳಲು ಸೇರಿದಳು. ಮುಂದಿನ ಕೊಯ್ಲಿನಲ್ಲಿ ಸಂಘದ ಬಹಳಷ್ಟು ಸದಸ್ಯರು ಮೂಟೆಗಳನ್ನು ಅಲ್ಲಿಗೇ ಒಯ್ದರು. ಮಂಜಪ್ಪ ಗೌಡರು ತಾವು ಹೋಗಲಿಲ್ಲ. ತಮ್ಮನ ಜೀಪಿನಲ್ಲಿ ಮೆಣಸನ್ನು ಅಲ್ಲಿಗೇ ಕಳಿಸಿದರು.