ಹೊರಬೀಡಿನ ದಿನದ ವೈವಾ

ಹಗರಿಬೊಮ್ಮನಹಳ್ಳಿಯ ಸುಜಾತಾ ಡಿಗ್ರಿ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಹೆಸರಿಗಷ್ಟೇ ಅತಿಥಿ, ಕರೆದಾಗ ಬರಬೇಕು, ಸಾಕೆಂದಾಗ ಹೋಗಬೇಕು. ಇಂಥ ಅತಿಥಿ ಯಾರ ಮನೆಯಲ್ಲಿದ್ದಾರೆ ಹೇಳಿ! ಕೊರೊನಾ ಎರಡನೇ ಸಲ ಬಂದು ಕಾಲೇಜಿಗೆ ಬೀಗ ಬಿದ್ದ ಮೇಲೆ ಅವಳ ಅಡುಗೆಮನೆಯೇ ಪರೀಕ್ಷಾ ಕೊಠಡಿಯಾಯಿತು. ಅಕ್ಕಿ ಡಬ್ಬಿಗೆ ಫೋನು ಒರಗಿಸಿಕೊಂಡು ಕೊನೆಯ ವರ್ಷದವರ ವೈವಾ ಮಾಡುತ್ತಿದ್ದಳು.

ಎಲ್ಲರದೂ ಮುಗಿದು ಶೃತಿಯೊಬ್ಬಳದು ಉಳಿದಿತ್ತು. ಶೃತಿ ಕೋಗಳಿ ಕಡೆಯ ಹಳ್ಳಿಯವಳು, ಕೂಲಿ ಮಾಡುವ ಎರ್ರಮ್ಮನ ಮಗಳು. ಮನೆಗೆಲ್ಲ ಒಂದೇ ಫೋನು. ಬೆಳಿಗ್ಗೆಯಿಂದ ಸುಜಾತಾ ಹಚ್ಚುತ್ತಲೇ ಇದ್ದಾಳೆ. ಅದು ರಿಂಗಾಗಿ ರಿಂಗಾಗಿ ಕಟ್ಟಾಗುತ್ತದೆ. ಸ್ವಿಚ್ ಆಫ್ ಇದ್ದರೆ ಕರೆಂಟಿಲ್ಲ ಅಂದುಕೊಳ್ಳಬಹುದಿತ್ತು. ರಿಂಗಾಗುವ ಫೋನನ್ನು ಯಾರೂ ಎತ್ತದಿದ್ದರೆ ಏನಂದುಕೊಳ್ಳುವುದು? ಹೋದ ವಾರವಷ್ಟೇ ಹುಡುಗಿ, "ನಮ್ಮವ್ವಗ ಜ್ವರ ಬಂದಾವ್ರಿ ಮೇಡಂ" ಅಂದಿದ್ದಳು. ಆ ದಿನಗಳಲ್ಲಿ ಜ್ವರ ಅಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಮಧ್ಯಾಹ್ನ ವಿಭಾಗದ ಮುಖ್ಯಸ್ಥ ಗಂಗಾಧರ ಫೋನು ಮಾಡಿದರು. "ಏನ್ರಿ ಸುಜಾತಾ, ಒಬ್ಬಾಕಿದು ಖಾಲಿ ಐತಲ್ರಿ? ಐದಕ್ಕ ಮಾರ್ಕ್ಸ್ ಹಾಕೋ ಪೋರ್ಟಲ್ ಬಂದ್ ಆಗ್ತತಿ. ಗೈರುಹಾಜರಿ ಹಾಕಿ ಕೈ ತೊಳ್ಕೊಳ್ರಿ."

"ಸರ್, ಆಕಿ ತಪ್ಪಿಸ್ಕೊಳ್ಳೋ ಹುಡುಗಿ ಅಲ್ರಿ."

"ಇರಬಹುದು. ಆದ್ರ ವೈವಾ ಮಾಡದ ಮಾರ್ಕ್ಸ್ ಹಾಕಿದ್ರಿ ಅಂದ್ರ ಮುಂದಿನ ವರ್ಷ ನೀವ ಇರಂಗಿಲ್ಲ, ನೋಡ್ರಿ."

ಗೈರುಹಾಜರಿ ಬಿದ್ದರೆ ಶೃತಿಗೆ ವರ್ಷ ಹೋಯಿತು, ಬಿ.ಎಡ್ಡೂ ಹೋಯಿತು. ಆಮೇಲೆ ಅವಳನ್ನು ಓದಿಸುವವರು ಯಾರು? ಶೃತಿಯ ಊರಿನ ಹೆಸರು ಹೇಳಿ, ಅಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಸುಜಾತಾ ಮನೆಯವರನ್ನು ಕೇಳಿದಳು.

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಗಾದೆಮ್ಮ ಊರಿನ ಹೆಸರು ಕೇಳಿ ತಲೆ ಎತ್ತಿದಳು. "ಅಯ್ಯ, ಅದು ಹಾಲಿನ ಹುಲುಗಣ್ಣನ ಊರಲ್ಲೇನ? ಇವತ್ತ ಹೊರಬೀಡು ಐತಿ, ಹಾಲು ತರಂಗಿಲ್ಲ ಅಂತ ನಿನ್ನೇನ ಹೇಳಿ ಹೋಗ್ಯಾನ."

ಹೊರಬೀಡು ಅಂದರೆ, ರೋಗರುಜಿನ ಬಂದಾಗ ಹೊತ್ತು ಹುಟ್ಟುವ ಮುಂಚೆ ಊರಿಗೂರೇ ಬೀಗ ಹಾಕಿಕೊಂಡು, ದನಕರು ಹೊಡೆದುಕೊಂಡು ಹೊಲ ಸೇರುವುದು. ಅಡುಗೆ, ಊಟ ಅಲ್ಲೇ. ದೀಪ ಹಚ್ಚುವ ಹೊತ್ತಿನತನಕ ಯಾರೂ ಊರೊಳಗೆ ಕಾಲಿಡುವಂತಿಲ್ಲ.

"ಹೊಲಕ್ಕ ಹೋಗಾಕಿ ಫೋನ್ ಒಯ್ಯಂಗಿಲ್ಲೇನತ್ತಿ?"

"ಅವಸರದಾಗ ಮರ್ತಿರಬೇಕು ಬಿಡವ್ವ."

ಇರಬೇಕು! ಆಸ್ಪತ್ರೆಯಲ್ಲೂ ಇರಬಹುದಲ್ಲ? ಹುಲುಗಣ್ಣನ ನಂಬರು ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾನಂತೆ. ಸುಜಾತಾ ಹಾಳು ಫೋನನ್ನು ಬೈದಳು, ಪೋರ್ಟಲ್ಲನ್ನು ಬೈದಳು.

ಐದಾಗುತ್ತ ಬಂತು. ಕೋಗಳಿಯ ಹಳೆಯ ಬಸದಿಯ ಮೇಲೆ ಶೃತಿ ಬರೆದ ಪ್ರಾಜೆಕ್ಟ್ ಅವಳಿಗೆ ಚೆನ್ನಾಗಿ ನೆನಪಿತ್ತು. ಐವತ್ತಕ್ಕೆ ನಲವತ್ತೈದು ಎಂದು ಒತ್ತಿದಳು. ಗಂಗಾಧರ ಸರ್ ಕಣ್ಣಿಗೆ ಬಿದ್ದರೆ? ಅಳಿಸಿ ಮೂವತ್ತು ಮಾಡಿ, ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟಳು. ಹುಡುಗಿಗೆ ಏನಾದರೂ ಆಗಿದ್ದರೆ? ಆಸ್ಪತ್ರೆಯಲ್ಲಿ ಮಲಗಿದವಳ ವೈವಾ ಮಾಡಿದ್ದೇನೆ ಎಂದು ಯಾರ ಮುಂದೆ ಹೇಳುವುದು?

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಶೃತಿ ಬಿಕ್ಕುತ್ತಿದ್ದಳು.

"ಮೇಡಂ, ನಿಮ್ಮ ವೈವಾ ಐತಂತ ಫೋನ್ ಚಾರ್ಜಿಗೆ ಹಾಕಿದ್ನಿರಿ. ನಸುಕಿನ್ಯಾಗ ಎಲ್ಲಾರ್ನೂ ಹೊಂಡಿಸಿಬಿಟ್ರು. ಹೊಲಕ್ಕ ಹೋದ ಮ್ಯಾಲ ನೆನಪಾತು. ಊರ ಅಗಸಿ ಬಾಗಲತನಕ ಓಡಿಬಂದೆ, ಹಿರೇರು ಒಳಗ ಬಿಡಲಿಲ್ರಿ. ಊರಾಗ ಒಂದು ನಾಯಿ ಸೈತ ಇರಲಿಲ್ಲ. ಅಗಸ್ಯಾಗ ನಿಂತ್ರ ನಮ್ಮನಿ ಫೋನ್ ಹೊಡ್ಕೊಳ್ಳೋದು ಕೇಳ್ತಿತ್ರಿ. ನೀವ ಅಂತ ಗೊತ್ತಿತ್ತು."

"ಅವ್ವ ಹೆಂಗದಾಳ?"

"ಅರಾಮ ಅದಾಳ್ರಿ. ನಂದು ಗೈರುಹಾಜರಿ ಬಿತ್ತೇನ್ರಿ?"

ಸುಜಾತಾಳಿಗೆ ಹೋದ ಜೀವ ಬಂದಂತಾಯಿತು. "ಇಲ್ಲ. ಅಳಬ್ಯಾಡ, ಕುಂದ್ರು. ಈಗ ಕೇಳ್ತೀನಿ."

ಉಳಿದವರಿಗೆ ಕೇಳಿದಷ್ಟನ್ನೂ ಕೇಳಿದಳು. ಮೊದಲ ಪ್ರಶ್ನೆಗೇ ಹುಡುಗಿ ತಡವರಿಸಿದಾಗ ಸುಜಾತಾ ಮನಸ್ಸಿನಲ್ಲೇ ಅಂದುಕೊಂಡಳು: ಮೂವತ್ತಾದರೂ ದಕ್ಕೀತೇ ತಾಯಿ! ಆದರೆ ಬಸದಿಯ ಮಾತು ಬಂದದ್ದೇ ತಡ, ಶೃತಿಯ ದನಿ ಗಟ್ಟಿಯಾಯಿತು. ಕಂಬ, ಶಾಸನ, ಊರಿನ ಹಿರಿಯರು ಹೇಳಿದ್ದು, ಒಂದೂ ಬಿಡಲಿಲ್ಲ. ಗಾದೆಮ್ಮ ಕೂಡ ಕೈಯಲ್ಲಿನ ಕೆಲಸ ಬಿಟ್ಟು ಕೇಳುತ್ತ ಕೂತಳು.

"ಎಷ್ಟು ಬೀಳ್ತಾವ್ರಿ ಮೇಡಂ?"

"ಮೂವತ್ತು."

"ಅಷ್ಟ ಏನ್ರಿ? ನಾ ಚಲೋ ಹೇಳಿದೆ ಅಂತ ಮಾಡಿದ್ದೆ."

"ಚಲೋ ಹೇಳಿದೆವ್ವ," ಅಂದಳು ಸುಜಾತಾ. ಐದಕ್ಕೇ ಬಂದಾದ ಪೋರ್ಟಲ್ಲಿನಲ್ಲಿ ಮೂವತ್ತನ್ನು ಮತ್ತೆ ನಲವತ್ತೈದು ಮಾಡುವಂತಿರಲಿಲ್ಲ.