ಕೆನ್ನೆಗೆ ಕಲ್ಲು ಒತ್ತುತ್ತಿದ್ದವನು

ಊಟಿಯ ಪೇಟೆಯಲ್ಲಿ ಹರಳು ಉಜ್ಜುತ್ತಿದ್ದವನಿಗೆ ದಪ್ಪ ಮೀಸೆಯಿತ್ತು ಎಂದು ನನ್ನ ನೆನಪು ಹೇಳುತ್ತದೆ, ಆದರೆ ನಾನು ಆಣೆಯಿಡಲಾರೆ. ಅವನ ಕೆನ್ನೆಯ ವಿಷಯ ಬೇರೆ. ಜೇಡ್ ಎಂಬ ತಣ್ಣನೆಯ ಹರಳುಕಲ್ಲು ಯಾವುದು ಸಿಕ್ಕರೂ ಕೆನ್ನೆಗೊತ್ತಿ, ಕಣ್ಣು ಮುಚ್ಚಿ, "ತಾಳಿ, ತನ್ನ ಊರು ಹೇಳ್ತದೆ" ಅನ್ನುತ್ತಿದ್ದ. ಕುರಿಕೊಬ್ಬಿನಂತೆ ಬೆಳ್ಳಗಿದ್ದರೆ ಚೀನಾ ಕಡೆಯ ಖೋಟಾನಿನ ಹೊಳೆಯದು. ಸೊಪ್ಪಿನ ಹಸಿರಿನ ಮೇಲೆ ಕರಿ ಚುಕ್ಕೆಯಿದ್ದರೆ ಸೈಬೀರಿಯಾದ್ದು. ನ್ಯೂಜಿಲೆಂಡಿನದು ಕಡುಹಸಿರಂತೆ, ಬೆಳಕಿಗೆ ಹಿಡಿದರೆ ಪಾಚಿಗೊಳದ ಹಾಗೆ ಕಾಣುತ್ತದಂತೆ. ಅದೊಂದನ್ನು ಅವನು ಕೇಳಿದ್ದನೇ ಹೊರತು ಮುಟ್ಟಿರಲಿಲ್ಲ.

ಬಿಳಿ ದೊರೆಗಳ ಹೋಟೆಲಿನ ಜಗಲಿಯಲ್ಲಿ ಅಂಗಡಿ ಹಾಕಬೇಕೆಂದು ಅವನು ಎರಡು ವರ್ಷ ಸಲಾಮು ಹೊಡೆದಿದ್ದ. ಕೊನೆಗೊಮ್ಮೆ ಹೋಟೆಲಿನ ದೊರೆಸಾನಿ ಕರೆಸಿದಳು. ನಮ್ಮ ಹಳ್ಳಿ ತುಮ್ಮನಟ್ಟಿಯಿಂದ ಅಡುಗೆಮನೆಗೆ ಆಲೂಗೆಡ್ಡೆ ತಂದಿದ್ದ ನಾನೂ ಅಲ್ಲೇ ನಿಂತೆ. ಅತಿಥಿಗಳೆದುರು ಅವಳು ಕೊರಳ ಪದಕ ಬಿಚ್ಚಿಕೊಟ್ಟಳು.

"ಚೀನಾ ಅರಮನೆಯದು. ಇವರಿಗೂ ಹೇಳಿಬಿಡು, ನಾಳೆಯಿಂದ ಜಗಲಿ ನಿನ್ನದು."

ಅವನು ಕೆನ್ನೆಗೊತ್ತಿದ. ಬೆಳಕಿಗೆ ಹಿಡಿದ. ಮರುಕ್ಷಣ ಕುಣಿಯತೊಡಗಿದ.

"ನ್ಯೂಜಿಲೆಂಡ್, ಅಮ್ಮಾವ್ರೇ! ಬಂದೇಬಿಡ್ತಲ್ಲ ನನ್ನ ಕೈಗೆ, ನ್ಯೂಜಿಲೆಂಡ್!"

ಅತಿಥಿಗಳು ಗೊಳ್ಳೆಂದು ನಕ್ಕರು. ದೊರೆಸಾನಿ ಪದಕ ಕಿತ್ತುಕೊಂಡು ಗೇಟು ತೋರಿಸಿದಳು.

ಹೊರಗೆ ಬಂದ ಮೇಲೆ ನಾನು ಗದರಿದೆ: "ಚೀನಾ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಣ್ಣಾ? ಜಗಲಿ ಹೋಯ್ತಲ್ಲ!"

"ಹೋಗ್ಲಿ ಬಿಡೋ ತಮ್ಮಾ! ಅದರ ತಂಪು ಇನ್ನೂ ಇಲ್ಲೇ ಇದೆ, ಮುಟ್ಟಿ ನೋಡು," ಎಂದು ನಗುತ್ತಾ ಕೆನ್ನೆ ಒಡ್ಡಿದ.

ಮಣ್ಣುಗೈಯಲ್ಲೇ ಮುಟ್ಟಿದೆ. ಕೆನ್ನೆ ಕೆಂಡದಂತೆ ಸುಡುತ್ತಿತ್ತು.

"ಹೌದಣ್ಣಾ," ಎಂದೆ, "ಒಳ್ಳೇ ತಣ್ಣಗಿದೆ."